ಅಳೆದೂ ಸುರಿದೂ

ಗ್ರಿಮ್ಸ್‌ಬಿ ಬಂದರಿನ ಹಿಂದೆ, ಹೆರಿಂಗ್ ಗಲ್ಲಿ, ಹನ್ನೊಂದನೇ ನಂಬರು.
ಬಾಗಿಲು ತೆಗೆಯಲು ರೆಗ್ ಡ್ರೂರಿಗೆ ನಾಲ್ಕು ನಿಮಿಷ ಹಿಡಿಯಿತು.
ಬರೆದುಕೊಂಡೆ: ನಾಲ್ಕು ನಿಮಿಷ.
ನನ್ನ ಕೆಲಸವೇ ಅದು, ಕೌನ್ಸಿಲ್ಲಿನ ಸಂಬಳ ತಿಂದು
ಬೇರೆಯವರ ತಡವನ್ನು ಲೆಕ್ಕ ಇಡುವುದು.

ಇಪ್ಪತ್ತೆರಡು ಪುಟದ ಫಾರ್ಮು.
ಸ್ನಾನ ಕೈಲಾಗುತ್ತದೆಯೇ? ಆಗುತ್ತೆ.
ಗುಂಡಿ ಹಾಕಿಕೊಳ್ಳುವುದು? ಆಗುತ್ತೆ.
(ಮೈಮೇಲಿದ್ದದ್ದು ಗುಂಡಿಯೇ ಇಲ್ಲದ ಉಣ್ಣೆ ಅಂಗಿ.
ಎದೆಯ ಮೇಲೆ ಒಣಗಿದ ಮೊಟ್ಟೆಯ ಹಳದಿ;
ಮೊಟ್ಟೆ ತಿಂದದ್ದು ಮಂಗಳವಾರ ಎಂದು ಆಮೇಲೆ ತಾನೇ ಹೇಳಿದ.
ಅವತ್ತು ಶುಕ್ರವಾರ.)
ಮೆಟ್ಟಿಲು? ಆಗುತ್ತೆ.
ಹಾಸಿಗೆ ಮಾತ್ರ ಕೆಳಗಿಳಿದು ಬಂದು
ಟೀವಿಯ ಪಕ್ಕ ಕೂತಿತ್ತು.

ಐಸ್‌ಲ್ಯಾಂಡಿನ ಕಡಲಲ್ಲಿ ಹದಿನೆಂಟು ಚಳಿಗಾಲ
ದೋಣಿಯ ಹಗ್ಗಕ್ಕೆ ಕಟ್ಟಿದ ಹಿಮಗಡ್ಡೆಯನ್ನು
ಕೊಡಲಿಯಲ್ಲಿ ಕೆತ್ತಿ ಕೆಡವಿದ ಕೈ.
ಅದನ್ನು ಕೇಳಿದರೆ ಆಗಲ್ಲ ಅಂದೀತೇ?

ಚಹಾ? ಎಂದೆ. ಒಂಬತ್ತನೇ ಪುಟದಲ್ಲಿದೆ ಅದು,
'ಬಿಸಿ ಪಾನೀಯ' ಎಂಬ ಹೆಸರಿನಲ್ಲಿ.
ಮಾಡ್ತೀನಿ ಕೂತ್ಕೋ, ಅಂದ.

ಕೆಟಲಿಗೆ ನೀರು ಹಿಡಿದ, ತಳ ಮುಚ್ಚುವಷ್ಟು.
ಎರಡೂ ಕೈಯಲ್ಲಿ ಎತ್ತಿದ, ಎದೆಗೊತ್ತಿಕೊಂಡು,
ಒಲ್ಲದ ಬೆಕ್ಕನ್ನು ಎತ್ತಿದ ಹಾಗೆ.
ಕುದಿಯಿತು. ಅರ್ಧ ಕಪ್ಪಾಯಿತು.
ಮತ್ತೆ ತಳ ಮುಚ್ಚುವಷ್ಟು. ಮತ್ತೆ ಕುದಿ.
ಉಳಿದರ್ಧ.
ಆಮೇಲೆ ತನಗೆ. ಅರ್ಧ. ಮತ್ತರ್ಧ.
ನಾಲ್ಕು ಸಲ ಹಬೆ ಕಿಟಕಿಗೆ ಬಡಿದು
ನಾಲ್ಕು ಸಲ ಎದುರು ಮನೆ ಮಾಯವಾಯಿತು.
ಅಷ್ಟರಲ್ಲಿ ನನ್ನ ಪಾಲಿನದು ಆರಿಹೋಗಿತ್ತು.
ಚೆನ್ನಾಗಿದೆ, ಎಂದೆ.

ಹೌದು ಎಂಬ ಚೌಕ ಇದೆ. ಇಲ್ಲ ಎಂಬ ಚೌಕ ಇದೆ.
ಅರ್ಧರ್ಧ ಆಗುತ್ತೆ ಎಂಬುದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: ಕೆಟಲ್, ನಾಲ್ಕು ಸಲ.

ಗುರುವಾರ ಸಮಿತಿ.
ಮೆತ್ತಗಾದ ಬಿಸ್ಕತ್ತು, ಬಿಸಿಯೇ ಆಗದ ರೇಡಿಯೇಟರು,
ಮಿಸೆಸ್ ಪ್ಲಾಸ್ಕಿಟ್ ಮತ್ತು ಅವಳ ಕಾಲಂಗಳು.
ಕೆಟ್ಟವಳಲ್ಲ. ಅವಳಮ್ಮನೂ ಇದೇ ಪಟ್ಟಿಯಲ್ಲಿದ್ದಾಳೆ, ನಲವತ್ತಮೂರನೆಯವಳು;
ಮೇಲೆ ಸರಿಸಿ ಎಂದು ಇವಳು ಯಾರಿಗೂ ಹೇಳಿದ್ದಿಲ್ಲ.
ಲಂಡನ್ನಿನಿಂದ ಬಂದದ್ದು ಇಷ್ಟು, ಮನೆ ತೆರಿಗೆ ಇಷ್ಟು,
ಸಿಗರೇಟು ಬಿಡಿಸುವ ಕ್ಲಿನಿಕ್ಕು ಮುಚ್ಚಿ ಉಳಿಸಿದ್ದು ಇಷ್ಟು,
ಮುಚ್ಚಿದ್ದಕ್ಕೆ ಮುಂದೆ ಕೆಮ್ಮುತ್ತ ಬರುವವರು...
ಆ ಕಾಲಂ ಬರುವ ವರ್ಷದ್ದು, ಇವತ್ತು ತೆರೆಯುವಂತಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ.
ಹಾಸಿಗೆ ಒಂದೇ; ಕಾಲು ಒಂಬೈನೂರು ಜೋಡಿ.

ಅಳೆದೂ ಸುರಿದೂ
ದಿನಕ್ಕೊಂದು ಭೇಟಿ ಕೊಟ್ಟರು. ಬೆಳಗ್ಗೆ, ಹದಿನೈದು ನಿಮಿಷ.

ಈಗ ರಾಸಾ ಹೋಗುತ್ತಾಳೆ, ಲಿಥುವೇನಿಯಾದವಳು.
ಮನೆಯೊಳಗಿದ್ದಷ್ಟೇ ಹೊತ್ತಿಗೆ ಕೂಲಿ,
ಮನೆಯಿಂದ ಮನೆಗೆ ಸೈಕಲ್ ತುಳಿದದ್ದು ಲೆಕ್ಕಕ್ಕಿಲ್ಲ.
ಹದಿನೈದರಲ್ಲಿ ನಾಲ್ಕು ಬಾಗಿಲಿಗೇ ಹೋಗುತ್ತದೆ.
ಬರೆದವಳು ನಾನೇ. ಓದಿದವರು ಯಾರೂ ಇದ್ದಂತಿಲ್ಲ.
ಉಳಿದ ಹನ್ನೊಂದರಲ್ಲಿ ಸ್ನಾನವೋ, ತಿಂಡಿಯೋ,
ಮಾತ್ರೆಯೋ, ಮಾತೋ.

ಮಾರ್ಚಿನಲ್ಲಿ ಸಿಗ್ನಲ್ಲಿನ ಹತ್ತಿರ ಸಿಕ್ಕಳು.
ತನ್ನ ದುಡ್ಡಲ್ಲಿ ಒಂದು ಥರ್ಮಾಸು ತಂದಿಟ್ಟಿದ್ದಾಳಂತೆ,
ತಲೆಯ ಮೇಲೆ ಅಂಗೈ ಒತ್ತಿದರೆ ಸುರಿಯುವಂಥದು,
ಎತ್ತುವುದೇ ಬೇಡ. ಹೊರಡುವ ಮುಂಚೆ ತುಂಬಿಸಿ ಬರುತ್ತಾಳೆ.
ಅದಕ್ಕೆಷ್ಟು ನಿಮಿಷ? ಅಭ್ಯಾಸಬಲ, ಕೇಳಿಬಿಟ್ಟೆ.
ಹಸಿರು ದೀಪ ಬಂತು. ಅವಳು ಹೋದಳು.

ಜೂನಿನಲ್ಲಿ ಮರುಪರಿಶೀಲನೆ. ಅದೇ ಗಲ್ಲಿ. ಅದೇ ನಾಲ್ಕು ನಿಮಿಷ.
ಒಂಬತ್ತನೇ ಪುಟಕ್ಕೆ ಬಂದೆವು.
ರೆಗ್ ಎದ್ದ, ಹಬ್ಬದೂಟ ಬಡಿಸುವವನ ಬಿಂಕದಲ್ಲಿ ಅಂಗೈ ಒತ್ತಿದ.
ಪೂರ್ತಿ ಕಪ್ಪು, ಒಂದೇ ಸಲಕ್ಕೆ, ಹಬೆಯಾಡುತ್ತ.

ಆಗುತ್ತೆ ಎಂದು ಗುರುತು ಹಾಕಿದರೆ
ಆ ಹದಿನೈದು ನಿಮಿಷವೂ ಹೋಗುತ್ತದೆ.
ಆಗಲ್ಲ ಎಂದು ಹಾಕಿದರೆ
ಅವನಿಗೇ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು.

ಪೆನ್ನು ಹಿಡಿದು ಕೂತೆ.
ಮೊದಲು ಅದನ್ನ ಕುಡಿ, ಅಂದ,
ಆರಿಹೋಗುತ್ತೆ.